ತೋಟದ ಟ್ರ್ಯಾಕ್ಟರಿಗೆ ತಕ್ಕ ತಂತಿ

ಪಶ್ಚಿಮಘಟ್ಟದ ನೆತ್ತಿಯಲ್ಲಿ, ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಹಬ್ಬಿಕೊಂಡು, ಉತ್ತರಕ್ಕೆ ಕೊಡಗನ್ನೂ ಪೂರ್ವಕ್ಕೆ ಹೆಗ್ಗಡದೇವನಕೋಟೆ, ಗುಂಡ್ಲುಪೇಟೆಗಳ ಕಾಡುಗಳನ್ನೂ ಎಲ್ಲೆಯಾಗಿ ಉಳ್ಳ ವಯನಾಡು 1980ರ ನವೆಂಬರ್ 1ರಂದು ಕೇರಳದ ಪ್ರತ್ಯೇಕ ಜಿಲ್ಲೆಯಾಯಿತಾದರೂ, ಕನ್ನಡ ನಾಡಿನೊಡನೆ ಅದಕ್ಕಿರುವ ನಂಟು ಆ ಜಿಲ್ಲೆಯ ಹುಟ್ಟಿಗಿಂತ ಬಹಳ ಹಳೆಯದು. ಅಲ್ಲಿಯ ಜೈನ ಗೌಡರ ಕಾಫಿ ತೋಟದ ಮನೆಗಳಲ್ಲಿ ಕನ್ನಡ ಇನ್ನೂ ಉಳಿದುಬಂದಿದೆ. ಅಲ್ಲಿಯ ಶುಂಠಿ ಬೆಳೆಗಾರರು ಮೈಸೂರು, ಚಾಮರಾಜನಗರ, ಕೊಡಗುಗಳಲ್ಲಿ ಭೂಮಿಯನ್ನು ಗುತ್ತಿಗೆ ಹಿಡಿದು ಬೇಸಾಯ ಮಾಡುತ್ತಾರೆ. ರೊಬಸ್ಟಾ ಕಾಫಿಯ ಸಾಲುಗಳ ನಡುವೆ, ಅಡಕೆಯ ಮರಗಳ ಸಂದಿನಲ್ಲಿ, ತಗ್ಗಿನ ಬತ್ತದ ಗದ್ದೆಗಳಲ್ಲಿ ದೊಡ್ಡ ಟ್ರ್ಯಾಕ್ಟರು ತಿರುಗುವುದಕ್ಕೆ ಎಡೆಯಿಲ್ಲವಾದ್ದರಿಂದ, ಅಲ್ಲಿ ಸಣ್ಣ ಯಂತ್ರಗಳಿಗೇ ಅಗ್ರಸ್ಥಾನ. 1967ರಲ್ಲಿ ಸ್ಥಾಪಿತವಾಗಿ, ಜಪಾನಿನ ಮಿತ್ಸುಬಿಶಿಯ ಸಹಯೋಗ ಪಡೆದ ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆಯ ಟಿಲ್ಲರುಗಳು ಮತ್ತು ಮಿನಿ ಟ್ರ್ಯಾಕ್ಟರುಗಳು, 1973ರಲ್ಲಿ ಕೇರಳ ಸರ್ಕಾರದ ಒಡೆತನದಲ್ಲಿ ಅತ್ತಾಣಿಯಲ್ಲಿ ಆರಂಭವಾದ ಕಾಮ್ಕೋ ಸಂಸ್ಥೆಯ ಟಿಲ್ಲರುಗಳು, ಇಂಥವು ಈ ಸೀಮೆಯ ಕೃಷಿಕನಿಗೆ ಚಿರಪರಿಚಿತ. ಇವುಗಳ ಪೈಕಿ, 20 ಅಶ್ವಶಕ್ತಿಯ ಆಸುಪಾಸಿನ ಮಿನಿ ಟ್ರ್ಯಾಕ್ಟರಿನ ಒಡಲಲ್ಲಿ ಹರಿದಾಡುವ ತಂತಿಗಳೇ ಈ ಲೇಖನದ ವಿಷಯ.

ವಯನಾಡಿನ ಹವೆ ತಂತಿಗಳ ಬಾಳಿಗೆ ಅನುಕೂಲವಾದುದಲ್ಲ. ಜೂನ್ ತಿಂಗಳಿನಿಂದ ಹಿಡಿದು ಸೆಪ್ಟೆಂಬರಿನವರೆಗೆ ಎಡೆಬಿಡದೆ ಸುರಿಯುವ ಮುಂಗಾರು, ಅದು ಮುಗಿದ ಮೇಲೆ ಬೆಳಗಿನ ಮಂಜು, ಗದ್ದೆಯ ಕೆಸರು, ಗೊಬ್ಬರದ ಉಪ್ಪಿನಂಶ, ಡೀಸೆಲ್ ಮತ್ತು ಎಣ್ಣೆಯ ಜಿಡ್ಡು, ಕೊಟ್ಟಿಗೆಯಲ್ಲಿ ನಿಂತಾಗ ಇಲಿಯ ಹಲ್ಲು, ಇವೆಲ್ಲವನ್ನೂ ಸಹಿಸಿ ಹತ್ತು ಹದಿನೈದು ವರ್ಷ ಕಳೆದ ತಂತಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಬಾಗಿಸಿದರೆ ಹೊದಿಕೆ ಬಳುಕುವುದಿಲ್ಲ, ಸಿಡಿದು ಬಿರುಕು ಬಿಡುತ್ತದೆ. ತುದಿಯಲ್ಲಿ ಒಂದು ಅಂಗುಲ ಹೊದಿಕೆಯನ್ನು ಸುಲಿದರೆ ಕೆಂಪಗೆ ಹೊಳೆಯಬೇಕಾದ ತಾಮ್ರ ಕಪ್ಪಗೆ ಕಂದಿರುತ್ತದೆ. ಲಗ್ ಸೇರುವ ಕಡೆ ಹಸಿರು ಕಿಲುಬು ಹುಡಿಹುಡಿಯಾಗಿ ಉದುರುತ್ತದೆ. ಎಳೆಗಳನ್ನು ಬೆರಳಿನಿಂದ ಬಿಡಿಸಹೊರಟರೆ ಅರ್ಧಕ್ಕರ್ಧ ಮುರಿದು ಕೈಗೆ ಬರುತ್ತವೆ. ಇಂತಹ ತಂತಿಗೆ ಟೇಪು ಸುತ್ತಿ ಇನ್ನೊಂದು ಮಳೆಗಾಲವನ್ನು ದೂಡುವುದಕ್ಕಿಂತ, ಇಡೀ ವೈರಿಂಗನ್ನು ಬಿಚ್ಚಿ ಹೊಸದಾಗಿ ಎಳೆಯುವುದೇ ವಿವೇಕ.

ಹಾಗೆ ಹೊಸದಾಗಿ ಎಳೆಯಹೊರಟವನಿಗೆ ಮೊದಲು ಎದುರಾಗುವ ಪ್ರಶ್ನೆ ಯಾವ ಕೆಲಸಕ್ಕೆ ಎಷ್ಟು ದಪ್ಪದ ತಂತಿ ಎಂಬುದು. ಸಾಮಾನ್ಯವಾಗಿ ಈ ಪ್ರಶ್ನೆಗೆ ಕಣ್ಣಳತೆಯೇ ಉತ್ತರವಾಗುತ್ತದೆ: ಹಳೆಯ ತಂತಿಯ ಪಕ್ಕದಲ್ಲಿ ಹೊಸದನ್ನು ಹಿಡಿದು ಎರಡೂ ಸಮನಾಗಿ ಕಂಡರೆ ಸಾಕೆಂದುಕೊಳ್ಳುವುದು, ಇಲ್ಲವೆ ಅಂಗಡಿಯಲ್ಲಿ ಸುರುಳಿಯಾಗಿ ತೂಗುತ್ತಿರುವ ಒಂದೇ ಬಗೆಯ ತಂತಿಯನ್ನು ಹೆಡ್‌ಲೈಟಿಗೂ ಹಾರ್ನಿಗೂ ಡೈನಮೋಗೂ ಏಕಪ್ರಕಾರವಾಗಿ ಬಳಸಿಬಿಡುವುದು. ಆದರೆ ಹೊರಗೆ ಕಾಣುವ ದಪ್ಪ ಹೊದಿಕೆಯ ದಪ್ಪವೇ ಹೊರತು ಒಳಗಿನ ತಾಮ್ರದ ದಪ್ಪವಲ್ಲ. ಹಳೆಯ ತಂತಿಯೂ ಹಿಂದೊಮ್ಮೆ ಯಾರೋ ಅವಸರದಲ್ಲಿ ಎಳೆದದ್ದಾಗಿರಬಹುದು. ತಂತಿಯ ಗಾತ್ರವನ್ನು ನಿರ್ಣಯಿಸತಕ್ಕವು ಮೂರೇ ಸಂಗತಿಗಳು: ಅದರಲ್ಲಿ ಹರಿಯುವ ಪ್ರವಾಹ, ಅದು ಸಾಗುವ ದೂರ, ಆ ದೂರದಲ್ಲಿ ನಾವು ಸಹಿಸಬಹುದಾದ ವೋಲ್ಟೇಜಿನ ನಷ್ಟ. ಈ ಮೂರನ್ನೂ ಕಾಗದದ ಮೇಲೆ ಬರೆದುಕೊಳ್ಳದೆ ಅಂಗಡಿಗೆ ಹೋಗಬಾರದು.

ಮನೆಯ ವೈರಿಂಗಿನಲ್ಲಿ ಪಳಗಿದ ಕೈ ಕೂಡ ಟ್ರ್ಯಾಕ್ಟರಿನಲ್ಲಿ ತಪ್ಪುವುದಕ್ಕೆ ಕಾರಣವೊಂದುಂಟು. ಮನೆಯಲ್ಲಿರುವುದು 230 ವೋಲ್ಟ್. ಟ್ರ್ಯಾಕ್ಟರಿನ ಬ್ಯಾಟರಿಯಲ್ಲಿರುವುದು ಬರಿಯ 12 ವೋಲ್ಟ್. ವೋಲ್ಟೇಜು ಅಲ್ಪವಾದ್ದರಿಂದ ಅಪಾಯವೂ ಅಲ್ಪ, ತಂತಿಯೂ ತೆಳುವಾಗಿದ್ದರೆ ಸಾಕು ಎಂಬ ಭಾವನೆ ಸಹಜವಾಗಿಯೇ ಮೂಡುತ್ತದೆಯಾದರೂ, ವಸ್ತುಸ್ಥಿತಿ ಅದಕ್ಕೆ ಪೂರ್ತಿ ವಿರುದ್ಧವಾದುದು. 60 ವಾಟಿನ ಎರಡು ಹೆಡ್‌ಲೈಟುಗಳನ್ನು ತೆಗೆದುಕೊಳ್ಳೋಣ. ಆ 120 ವಾಟ್ ಶಕ್ತಿಯನ್ನು 230 ವೋಲ್ಟಿನಲ್ಲಿ ಒದಗಿಸುವುದಾದರೆ ಅರ್ಧ ಆಂಪಿಯರಿಗಿಂತ ತುಸುವೇ ಹೆಚ್ಚಿನ ಪ್ರವಾಹ ಸಾಕು. 12 ವೋಲ್ಟಿನಲ್ಲಿ ಒದಗಿಸಬೇಕಾದರೆ 10 ಆಂಪಿಯರ್ ಬೇಕು. ಕೆಲಸ ಒಂದೇ, ಪ್ರವಾಹ ಸುಮಾರು ಹತ್ತೊಂಬತ್ತು ಪಟ್ಟು. ಇಷ್ಟೇ ಅಲ್ಲದೆ, ದಾರಿಯಲ್ಲಿ ಅರ್ಧ ವೋಲ್ಟ್ ಸೋರಿಹೋದರೆ ಮನೆಯ ದೀಪಕ್ಕೆ ಅದು ಗೊತ್ತೇ ಆಗುವುದಿಲ್ಲ. ಟ್ರ್ಯಾಕ್ಟರಿಗಾದರೋ ಅದು ನೂರಕ್ಕೆ ನಾಲ್ಕು ಪಾಲಿನ ನಷ್ಟ. ಆದುದರಿಂದ ಮನೆಯಲ್ಲಿ ತಂತಿ ಕಾಯುವುದೇ ಎಂಬುದು ಮುಖ್ಯ ವಿಚಾರವಾದರೆ, ಟ್ರ್ಯಾಕ್ಟರಿನಲ್ಲಿ ತಂತಿ ಕಾಯದಿದ್ದರೂ ಕಡೆಯ ತುದಿಗೆ ಎಷ್ಟು ವೋಲ್ಟ್ ತಲುಪಿತು ಎಂಬುದೇ ಮುಖ್ಯ ವಿಚಾರ.

ಫೆಬ್ರವರಿ ಮಾರ್ಚಿನಲ್ಲಿ ಹೂಮಳೆ ತಡವಾದಾಗ ಸ್ಪ್ರಿಂಕ್ಲರ್ ಜೋಡಿಸಿ ಕಾಫಿಗೆ ನೀರು ಕೊಡುವ ಬೆಳೆಗಾರನಿಗೆ ಈ ತತ್ತ್ವವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ: ಪಂಪು ಎಷ್ಟೇ ಬಲವಾಗಿರಲಿ, ಪೈಪು ಸಣ್ಣದಾಗಿ ದೂರ ಹೆಚ್ಚಾದರೆ ಕೊನೆಯ ಸ್ಪ್ರಿಂಕ್ಲರು ಹಾರಿ ತಿರುಗದೆ ಬುಡದಲ್ಲೇ ತೊಟ್ಟಿಕ್ಕುತ್ತದೆ. ತಂತಿಯಲ್ಲಿ ಪ್ರವಾಹ, ವೋಲ್ಟೇಜು, ರೋಧಗಳಿಗಿರುವ ಈ ಸಂಬಂಧವನ್ನು ನಿಖರವಾಗಿ ಅಳೆದು ನಿಯಮವಾಗಿ ಕಟ್ಟಿಕೊಟ್ಟವನು ಜರ್ಮನಿಯ ಗೆಯಾರ್ಗ್ ಓಮ್. ಅವನ ಗ್ರಂಥ ಪ್ರಕಟವಾದುದು 1827ರಲ್ಲಿ. ಪ್ರವಾಹ ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಮಡಿಯಾಗುವುದೆಂಬುದನ್ನು 1841ರಲ್ಲಿ ತೋರಿಸಿಕೊಟ್ಟವನು ಇಂಗ್ಲೆಂಡಿನ ಜೇಮ್ಸ್ ಜೂಲ್. ಈ ಇಬ್ಬರ ನಿಯಮಗಳು ನಮ್ಮ ಕೊಟ್ಟಿಗೆಯ ಟ್ರ್ಯಾಕ್ಟರಿಗೂ ಯಥಾವತ್ತಾಗಿ ಅನ್ವಯಿಸುತ್ತವೆ. ಅವನ್ನು ಬಳಸಲು ಗುಣಾಕಾರ ಭಾಗಾಕಾರಗಳಿಗಿಂತ ಹೆಚ್ಚಿನ ಗಣಿತವೇನೂ ಬೇಡ.

ಲೆಕ್ಕದ ಕ್ರಮ ಹೀಗೆ. ಸಾಧನದ ವಾಟನ್ನು 12ರಿಂದ ಭಾಗಿಸಿದರೆ ಆಂಪಿಯರ್ ದೊರೆಯುತ್ತದೆ. ಆ ಆಂಪಿಯರನ್ನು ತಂತಿಯ ಉದ್ದದ ಮೀಟರಿನಿಂದ ಗುಣಿಸಿ, ಬಂದದ್ದನ್ನು 58ರಿಂದ ಭಾಗಿಸಿ, ಅದನ್ನು ಮತ್ತೆ ನಾವು ಸಹಿಸಬಹುದಾದ ವೋಲ್ಟ್ ನಷ್ಟದಿಂದ ಭಾಗಿಸಿದರೆ, ಬೇಕಾದ ತಾಮ್ರದ ಅಡ್ಡಕೊಯ್ತದ ವಿಸ್ತೀರ್ಣ ಚದರ ಮಿಲಿಮೀಟರಿನಲ್ಲಿ ಸಿಗುತ್ತದೆ. 58 ಎಂಬುದು ತಾಮ್ರದ ವಾಹಕಗುಣವನ್ನು ಸೂಚಿಸುವ ಸಂಖ್ಯೆ. ಉದ್ದವೆಂದರೆ ಬ್ಯಾಟರಿಗೂ ದೀಪಕ್ಕೂ ನಡುವಿನ ನೇರ ದೂರವಲ್ಲ. ಬ್ಯಾಟರಿಯಿಂದ ಫ್ಯೂಸಿಗೆ, ಅಲ್ಲಿಂದ ಕೀ ಸ್ವಿಚ್ಚಿಗೆ, ಲೈಟಿನ ಸ್ವಿಚ್ಚಿಗೆ, ಕೊನೆಗೆ ದೀಪಕ್ಕೆ ತಂತಿ ಬಳಸಿ ಬರುವ ಇಡೀ ದಾರಿ. ಮರಳುವ ಪ್ರವಾಹ ಟ್ರ್ಯಾಕ್ಟರಿನ ಕಬ್ಬಿಣದ ಮೈಯ ಮೂಲಕ ಬರುವುದಾದರೆ ಒಂದೇ ದಿಕ್ಕಿನ ಉದ್ದ ಸಾಕು. ಅರ್ಥಿಗೂ ಪ್ರತ್ಯೇಕ ತಂತಿ ಎಳೆದಿದ್ದರೆ ಆ ಉದ್ದವನ್ನೂ ಕೂಡಿಸಿಕೊಳ್ಳಬೇಕು.

ಹೆಡ್‌ಲೈಟಿಗೆ ಇದನ್ನು ಅನ್ವಯಿಸೋಣ. ಪ್ರವಾಹ 10 ಆಂಪಿಯರ್, ದಾರಿ 4 ಮೀಟರ್, ಸಹ್ಯವಾದ ನಷ್ಟ 0.3 ವೋಲ್ಟ್. ಲೆಕ್ಕ ಮಾಡಿದರೆ 2.3 ಚದರ ಮಿಲಿಮೀಟರ್ ಬರುತ್ತದೆ. ಬಿಸಿಯಾದ ಎಂಜಿನ್ನಿನ ಬಳಿ ತಾಮ್ರದ ರೋಧ ಇನ್ನಷ್ಟು ಹೆಚ್ಚುವುದರಿಂದ ಯಾವಾಗಲೂ ಮೇಲಿನ ಗಾತ್ರಕ್ಕೇ ಹೋಗಬೇಕು, ಎಂದರೆ ಇಲ್ಲಿ 2.5 ಚದರ ಮಿಲಿಮೀಟರಿನ ತಂತಿ. ಇದರ ಬದಲು 1 ಚದರ ಮಿಲಿಮೀಟರಿನ ತಂತಿ ಹಾಕಿದರೆ ಅದು ಸುಟ್ಟುಹೋಗದು, ದೀಪವೂ ಉರಿಯದೆ ಇರದು. ಆದರೆ ದಾರಿಯಲ್ಲಿ ಸುಮಾರು 0.7 ವೋಲ್ಟ್ ಕಳೆದುಹೋಗಿರುತ್ತದೆ. ಹ್ಯಾಲೊಜೆನ್ ಬಲ್ಬಿನ ಸ್ವಭಾವವೆಂದರೆ ವೋಲ್ಟೇಜು ತುಸು ಇಳಿದರೆ ಬೆಳಕು ಬಹಳ ಇಳಿಯುವುದು: ಅರ್ಧ ವೋಲ್ಟಿನ ಕೊರತೆಗೆ ಬೆಳಕಿನ ಏಳನೆಯ ಒಂದು ಪಾಲು, ಒಂದು ವೋಲ್ಟಿನ ಕೊರತೆಗೆ ಕಾಲು ಭಾಗ ಮಾಯವಾಗುತ್ತದೆ. ಕತ್ತಲಾದ ಮೇಲೆ, ಮಂಜು ಕವಿದ ತೋಟದ ಇಳಿಜಾರಿನ ದಾರಿಯಲ್ಲಿ ಟ್ರೈಲರು ಕಟ್ಟಿಕೊಂಡು ಇಳಿಯುವವನಿಗೆ, ಆನೆಗಳು ಅಡ್ಡಬರಬಹುದಾದ ಆ ಸೀಮೆಯಲ್ಲಿ, ಆ ಕಾಲು ಭಾಗದ ಬೆಳಕು ಅಲ್ಪವಾದುದಲ್ಲ.

ಬೆಳಕು ಮಂದವಾದುದು ಕಣ್ಣಿಗಾದರೂ ಕಾಣುತ್ತದೆ; ಚಾರ್ಜಿಂಗ್ ತಂತಿಯ ಕೊರತೆ ಕಾಣುವುದೇ ಇಲ್ಲ. ನಮ್ಮ ಮೆಕ್ಯಾನಿಕ್ಕುಗಳು ಇಂದಿಗೂ ಡೈನಮೋ ಎಂದೇ ಕರೆಯುವ ಆಲ್ಟರ್ನೇಟರು 14 ವೋಲ್ಟಿನ ಸುತ್ತಮುತ್ತ ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಗೆ ಕಳುಹಿಸುತ್ತದೆ. ಆ ಪ್ರವಾಹ 30 ಆಂಪಿಯರ್ ಎಂದೂ ದಾರಿ 2 ಮೀಟರ್ ಎಂದೂ ಇಟ್ಟುಕೊಂಡರೆ, 2.5 ಚದರ ಮಿಲಿಮೀಟರಿನ ತಂತಿಯಲ್ಲಿ 0.4 ವೋಲ್ಟ್ ನಷ್ಟವಾಗುತ್ತದೆ. 6 ಚದರ ಮಿಲಿಮೀಟರಿನದರಲ್ಲಿ 0.17 ಮಾತ್ರ. ಸೀಸದ ಬ್ಯಾಟರಿಯ ಮಟ್ಟಿಗೆ ಈ ಅಂತರ ಹಿರಿದಾದುದು. ವೋಲ್ಟೇಜು ಸಾಲದೆ ಬಂದರೆ ಬ್ಯಾಟರಿ ತುಂಬುವುದು ನಿಧಾನವಾಗುತ್ತದೆ. ತೋಟದೊಳಗೆ ಹತ್ತು ನಿಮಿಷ ಓಡಿಸಿ ನಿಲ್ಲಿಸಿ ಮತ್ತೆ ಹೊರಡಿಸುವ ಯಂತ್ರದಲ್ಲಿ ಅದು ಎಂದೂ ಪೂರ್ಣವಾಗಿ ತುಂಬುವುದೇ ಇಲ್ಲ. ಹೀಗೆ ಅರೆತುಂಬಿದ ಸ್ಥಿತಿಯಲ್ಲೇ ಬಹುಕಾಲ ಉಳಿದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂತು, ಅದರ ಆಯುಸ್ಸನ್ನು ಕುಗ್ಗಿಸುತ್ತದೆ. ಬ್ಯಾಟರಿ ಬೇಗ ಕೆಟ್ಟಿತೆಂದು ತಯಾರಿಸಿದವನನ್ನು ದೂರುವ ಮೊದಲು ಆ ಎರಡು ಮೀಟರ್ ತಂತಿಯನ್ನು ನೋಡಬೇಕು.

ಎಲ್ಲಕ್ಕಿಂತ ಭಾರವಾದ ಹೊಣೆ ಸೆಲ್ಫಿಗೆ ಹೋಗುವ ಕೇಬಲಿನದು. ಸಣ್ಣ ಡೀಸೆಲ್ ಎಂಜಿನ್ನನ್ನು ತಿರುಗಿಸುವ ಕ್ಷಣದಲ್ಲಿ ಸೆಲ್ಫ್ ಮೋಟಾರು 150 ಆಂಪಿಯರ್ ಎಳೆಯುವುದು ಅಸಾಧಾರಣವೇನಲ್ಲ. ಬ್ಯಾಟರಿಯಿಂದ ಸೆಲ್ಫಿಗೆ, ಬ್ಯಾಟರಿಯಿಂದ ಎಂಜಿನ್ನಿನ ಮೈಗೆ, ಈ ಎರಡು ಕೇಬಲುಗಳೂ ಸೇರಿ 2 ಮೀಟರ್ ಇದ್ದರೆ, 10 ಚದರ ಮಿಲಿಮೀಟರಿನ ಕೇಬಲಿನಲ್ಲಿ ಅರ್ಧ ವೋಲ್ಟಿಗೂ ಹೆಚ್ಚು ನಷ್ಟ, 25ರದರಲ್ಲಿ 0.2 ವೋಲ್ಟ್, 35ರದರಲ್ಲಿ 0.15. ಡಿಸೆಂಬರ್ ಜನವರಿಯ ಚಳಿಯ ಬೆಳಗಿನಲ್ಲಿ ಎಂಜಿನ್ ಆಯಿಲ್ ಮಂದವಾಗಿ, ಬ್ಯಾಟರಿಯ ಶಕ್ತಿ ಕುಂದಿ, ತಿರುಗಿಸುವಾಗ ಅದರ ವೋಲ್ಟೇಜು 10ರ ಆಸುಪಾಸಿಗೆ ಇಳಿದಿರುವ ಹೊತ್ತಿನಲ್ಲಿಯೇ ಪ್ರವಾಹದ ಬೇಡಿಕೆ ಅತ್ಯಧಿಕವಾಗಿರುತ್ತದೆ. ಅಂತಹ ವೇಳೆಯಲ್ಲಿ ಅರ್ಧ ವೋಲ್ಟನ್ನು ಕೇಬಲೇ ನುಂಗಿಬಿಟ್ಟರೆ ಎಂಜಿನ್ನಿಗೆ ಬೇಕಾದ ವೇಗ ಬರುವುದಿಲ್ಲ. ಆದಕಾರಣ ಇಲ್ಲಿ 25ಕ್ಕೆ ಕಡಮೆಯಾದ ಕೇಬಲು ಕೂಡದು. 35 ಹಾಕಿದರೆ ಇನ್ನೂ ಒಳ್ಳೆಯದು. ಕೀ ಸ್ವಿಚ್ಚಿನಿಂದ ಸೆಲ್ಫಿನ ಸಾಲಿನಾಯ್ಡಿಗೆ ಹೋಗುವ ತಂತಿಯನ್ನೂ ಕಡೆಗಣಿಸಲಾಗದು. ಸಾಲಿನಾಯ್ಡು ಒಳಗೆಳೆದುಕೊಳ್ಳುವ ಕ್ಷಣಕ್ಕೆ ಹಲವು ಆಂಪಿಯರುಗಳನ್ನು ಬೇಡುವುದರಿಂದ, ತೆಳು ತಂತಿಯಿದ್ದರೆ ಟಿಕ್ ಟಿಕ್ ಎಂದು ಸದ್ದು ಮಾತ್ರ ಬಂದು ಸೆಲ್ಫ್ ತಿರುಗದು. ಅದಕ್ಕೆ 4 ಚದರ ಮಿಲಿಮೀಟರಿನ ತಂತಿ ಉಚಿತ. ಗ್ಲೋ ಪ್ಲಗ್ ಉಳ್ಳ ಎಂಜಿನ್ನಾದರೆ, ಮೂರು ಪ್ಲಗ್ಗುಗಳು ಸೇರಿ 30 ಆಂಪಿಯರಿನಷ್ಟು ಎಳೆಯಬಹುದಾದ್ದರಿಂದ, ಅದಕ್ಕೂ 6ರ ತಂತಿಯೇ ಆಗಬೇಕು.

ಮಿಕ್ಕವುಗಳ ವಿಚಾರ ಸರಳ. ಹಾರ್ನಿಗೂ ಹಿಂದಿನ 55 ವಾಟಿನ ಉಳುಮೆಯ ದೀಪಕ್ಕೂ 1.5 ಚದರ ಮಿಲಿಮೀಟರು. ಇಂಡಿಕೇಟರು, ಬ್ರೇಕ್ ಲೈಟು, ಮೀಟರುಗಳಿಗೆ 1. ಹಿಂಬದಿಯ ಸಣ್ಣ ದೀಪಕ್ಕೆ ಲೆಕ್ಕದ ಪ್ರಕಾರ ಇನ್ನೂ ತೆಳುವಾದ ತಂತಿ ಸಾಕಾದರೂ, ಕಾಫಿಯ ರೆಂಬೆ ಸಿಕ್ಕಿ ಎಳೆದಾಗ, ಎಂಜಿನ್ನಿನ ನಡುಕಕ್ಕೆ ಸಿಲುಕಿದಾಗ ತುಂಡಾಗದಷ್ಟು ಮೈಗಟ್ಟು ಬೇಕಾದ್ದರಿಂದ 1ಕ್ಕಿಂತ ಕೆಳಗಿಳಿಯದಿರುವುದು ಲೇಸು. ಎಲ್.ಇ.ಡಿ. ದೀಪಗಳು ಎಳೆಯುವ ಪ್ರವಾಹ ಬಹಳ ಅಲ್ಪ. ಆದರೆ ಮುಂದೊಂದು ದಿನ ಅದೇ ಜಾಗಕ್ಕೆ ಹ್ಯಾಲೊಜೆನ್ ಬರಬಹುದೆಂಬುದನ್ನು ನೆನೆದು ತಂತಿಯನ್ನು ಎಳೆಯಬೇಕು. ಹೆಡ್‌ಲೈಟಿಗೆ ಒಂದು ರಿಲೇ ಜೋಡಿಸಿದರೆ, ಹತ್ತು ಆಂಪಿಯರಿನ ಪ್ರವಾಹ ಹಳೆಯ ಕೀ ಸ್ವಿಚ್ಚಿನ ಸವೆದ ಬಿಂದುಗಳ ಮೂಲಕ ಸುತ್ತಾಡದೆ ಬ್ಯಾಟರಿಯಿಂದ ನೇರವಾಗಿ ದೀಪ ಸೇರುತ್ತದೆ; ಸ್ವಿಚ್ಚಿನ ಪಾಲಿಗೆ ರಿಲೇಯನ್ನು ಎಬ್ಬಿಸುವ ಅತ್ಯಲ್ಪ ಪ್ರವಾಹ ಮಾತ್ರ ಉಳಿಯುತ್ತದೆ.

ಗಾತ್ರವನ್ನು ಆರಿಸಿದ ಮೇಲೆ ಆ ಗಾತ್ರಕ್ಕೆ ತಕ್ಕ ಫ್ಯೂಸನ್ನು ಆರಿಸುವುದು ಅನಿವಾರ್ಯವಾದ ಮುಂದಿನ ಹೆಜ್ಜೆ. ಫ್ಯೂಸು ಇರುವುದು ದೀಪವನ್ನೋ ಹಾರ್ನನ್ನೋ ಕಾಯುವುದಕ್ಕೆಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಅದು ಕಾಯುವುದು ತಂತಿಯನ್ನು. ಹೊದಿಕೆ ಉಜ್ಜಿ ಸವೆದು ತಾಮ್ರ ಕಬ್ಬಿಣಕ್ಕೆ ತಗುಲಿದರೆ, ಸಾಮಾನ್ಯವಾದ 12 ವೋಲ್ಟಿನ ಬ್ಯಾಟರಿ ನೂರಾರು ಆಂಪಿಯರುಗಳನ್ನು ಸುರಿಯಬಲ್ಲದು. ತೆಳು ತಂತಿ ಕೆಲವೇ ಕ್ಷಣಗಳಲ್ಲಿ ಕೆಂಡವಾಗುತ್ತದೆ, ಪಕ್ಕದಲ್ಲೇ ಡೀಸೆಲಿನ ಕೊಳವೆ ಇರುತ್ತದೆ, ಕೊಟ್ಟಿಗೆಯಲ್ಲಿ ಹುಲ್ಲೂ ಇರಬಹುದು. ಆದುದರಿಂದ ಆಯಾ ದಾರಿಯಲ್ಲಿರುವ ಅತ್ಯಂತ ತೆಳುವಾದ ತಂತಿ ನಿರಾಯಾಸವಾಗಿ ಹೊರಬಲ್ಲ ಪ್ರವಾಹವನ್ನು ಮೀರದ ಫ್ಯೂಸನ್ನು, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಕೂಡಿಸಬೇಕು: 1ರ ತಂತಿಗೆ 10 ಆಂಪಿಯರು, 1.5ಕ್ಕೆ 15, 2.5ಕ್ಕೆ 20 ಎಂಬುದು ಮೇಲ್ಮಿತಿ. ಈಗಿನ ಚಪ್ಪಟೆ ಫ್ಯೂಸುಗಳಲ್ಲಿ 10ಕ್ಕೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ, 30ಕ್ಕೆ ಹಸಿರು ಬಣ್ಣವಿರುವುದರಿಂದ ಗುರುತಿಸುವುದು ಸುಲಭ. ಹಾರಿಹೋದ ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆಯನ್ನೋ ಸಿಗರೇಟಿನ ಬೆಳ್ಳಿಕಾಗದವನ್ನೋ ಸುತ್ತುವ ರೂಢಿಯನ್ನು ಸರ್ವಥಾ ಬಿಟ್ಟುಬಿಡಬೇಕು. ಸೆಲ್ಫಿನ ಮುಖ್ಯ ಕೇಬಲಿಗೆ ಸಾಮಾನ್ಯವಾಗಿ ಫ್ಯೂಸು ಇರುವುದಿಲ್ಲ. ಎಂತಲೇ ಅದು ತಗಡಿನ ಅಂಚನ್ನು ಎಲ್ಲಿಯೂ ಉಜ್ಜದಂತೆ, ತೂತಿನ ಮೂಲಕ ಹಾಯುವ ಕಡೆ ರಬ್ಬರಿನ ಬಳೆ ತೊಡಿಸಿ ಒಯ್ಯುವುದು ಅತ್ಯವಶ್ಯ.

ಅಂಗಡಿಯಲ್ಲಿ ತಂತಿಯನ್ನು ಪರೀಕ್ಷಿಸುವುದೂ ಒಂದು ವಿದ್ಯೆಯೇ. ವಾಹನಗಳ ತಂತಿಯನ್ನು ಕೆಲವು ಕಡೆ 14/0.3, 28/0.3, 84/0.3 ಎಂಬ ಗುರುತಿನಿಂದ ಮಾರುತ್ತಾರೆ. ಮೊದಲನೆಯದು ಎಳೆಗಳ ಸಂಖ್ಯೆ, ಎರಡನೆಯದು ಒಂದೊಂದು ಎಳೆಯ ವ್ಯಾಸ ಮಿಲಿಮೀಟರಿನಲ್ಲಿ. 0.3 ಮಿಲಿಮೀಟರಿನ ಒಂದು ಎಳೆಯ ವಿಸ್ತೀರ್ಣ ಸುಮಾರು 0.07 ಚದರ ಮಿಲಿಮೀಟರ್ ಆದ್ದರಿಂದ, ಇವು ಕ್ರಮವಾಗಿ 1, 2, 6 ಚದರ ಮಿಲಿಮೀಟರಿನ ತಂತಿಗಳು. ಗುರುತೇ ಇಲ್ಲದ ತಂತಿಯಾದರೆ ತುದಿ ಸುಲಿದು ಎಳೆಗಳನ್ನು ಎಣಿಸಿದರೆ ನಿಜ ಹೊರಬೀಳುತ್ತದೆ. ಅದೇ ವೇಳೆಯಲ್ಲಿ ಒಂದು ಎಳೆಯನ್ನು ಚಾಕುವಿನ ಅಲಗಿನಿಂದ ಕೆರೆದು ನೋಡಬೇಕು: ಒಳಗೂ ಕೆಂಪಾಗಿದ್ದರೆ ತಾಮ್ರ; ಬೆಳ್ಳಗೆ ಕಂಡರೆ ಅದು ತಾಮ್ರದ ತೆಳು ಲೇಪ ಹೊದ್ದ ಅಲ್ಯೂಮಿನಿಯಂ, ಅದರ ರೋಧ ತಾಮ್ರದ ಒಂದೂವರೆ ಪಟ್ಟು. ಮನೆಯ ವೈರಿಂಗಿಗೆ ಬಳಸುವ ತಂತಿಯ ಮೇಲೆ 1100 ವೋಲ್ಟ್ ಎಂದು ಅಚ್ಚಾಗಿರುವುದನ್ನು ಕಂಡು ಅದೇ ಶ್ರೇಷ್ಠವೆಂದು ಭ್ರಮಿಸಬಾರದು. ಅದು ಹೊದಿಕೆ ತಾಳುವ ವೋಲ್ಟೇಜೇ ಹೊರತು ತಾಮ್ರ ಹೊರುವ ಪ್ರವಾಹವಲ್ಲ. ಗೋಡೆಯೊಳಗೆ ಅಲುಗಾಡದೆ ಮಲಗಿರಲೆಂದು ಮಾಡಿದ, ಒಂದೇ ಗಟ್ಟಿ ಎಳೆಯ ಅಥವಾ ಕೆಲವೇ ದಪ್ಪ ಎಳೆಗಳ ತಂತಿ ಎಂಜಿನ್ನಿನ ಅವಿರತ ಕಂಪನಕ್ಕೆ ಸಿಕ್ಕಿದರೆ ಬಳಲಿ ಮುರಿಯುತ್ತದೆ. ಹಲವು ಸಣ್ಣ ಎಳೆಗಳಿಂದ ಹೊಸೆದ ಆಟೋ ವೈರೇ ಇಲ್ಲಿಗೆ ಯೋಗ್ಯ.

ಎಷ್ಟೇ ದಪ್ಪದ ತಂತಿಯನ್ನು ಎಳೆದರೂ ಅರ್ಥು ಸರಿಯಿಲ್ಲದಿದ್ದರೆ ಶ್ರಮವೆಲ್ಲ ನಿಷ್ಫಲ. ದೀಪಕ್ಕೆ ಹೋದ ಪ್ರವಾಹವೆಲ್ಲವೂ ಬ್ಯಾಟರಿಗೆ ಮರಳಲೇಬೇಕು. ಮರಳುವ ದಾರಿಯಲ್ಲಿ ಬಣ್ಣ, ತುಕ್ಕು, ಸಡಿಲವಾದ ನಟ್ಟು, ಬಾನೆಟ್ಟಿನ ಕೀಲು ಇವೆಲ್ಲ ಅಡ್ಡಿಗಳೇ. ಇಂಡಿಕೇಟರ್ ಹಾಕಿದಾಗ ಹಿಂದಿನ ದೀಪವೂ ಅದರೊಡನೆ ಮಿಣುಕಿದರೆ ಅರ್ಥು ಕೆಟ್ಟಿದೆಯೆಂದು ತಿಳಿಯಬೇಕು. ಬಣ್ಣವನ್ನು ಹೊಳೆವ ಲೋಹ ಕಾಣುವವರೆಗೆ ಉಜ್ಜಿ, ಹಲ್ಲಿರುವ ವಾಷರು ಇಟ್ಟು ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಬಾನೆಟ್ಟಿನ ಮೇಲಿನ ಹೆಡ್‌ಲೈಟುಗಳಿಗೆ ಕೀಲನ್ನು ನಂಬದೆ ಬೇರೆಯದೇ ಅರ್ಥ್ ತಂತಿಯನ್ನು, ಹೋಗುವ ತಂತಿಯಷ್ಟೇ ಗಾತ್ರದ್ದನ್ನು, ಎಳೆಯಬೇಕು. ಲಗ್ಗುಗಳನ್ನು ಕಟಿಂಗ್ ಪ್ಲೇಯರಿನಿಂದ ಜಜ್ಜದೆ ತಕ್ಕ ಕ್ರಿಂಪಿಂಗ್ ಉಪಕರಣದಿಂದ ಒತ್ತಬೇಕು. ಬೆಸುಗೆ ಹಾಕಿದರೆ ಸೀಸ ಎಳೆಗಳೊಳಗೆ ಹರಿದು ತಂತಿ ಆ ಭಾಗದಲ್ಲಿ ಕಡ್ಡಿಯಂತಾಗಿ, ಕಂಪನಕ್ಕೆ ಅಲ್ಲಿಯೇ ತುಂಡಾಗುವ ಸಂಭವ ಹೆಚ್ಚು. ಒತ್ತಿದ ಸಂದಿಗೆ ಬಿಸಿಗೆ ಕುಗ್ಗುವ ಸ್ಲೀವು ಹಾಕಿ ಮುಚ್ಚಿದರೆ ವಯನಾಡಿನ ಮಳೆಯ ತೇವ ಒಳಹೊಗದು. ಈ ಕೆಲಸಗಳನ್ನೆಲ್ಲ ಆರಂಭಿಸುವ ಮುನ್ನ ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಚ್ಚಬೇಕು, ಮುಗಿದ ಮೇಲೆ ಅದನ್ನೇ ಕೊನೆಯಲ್ಲಿ ಕಟ್ಟಬೇಕು. ಧನ ತುದಿಯ ಮೇಲಿರುವ ಸ್ಪ್ಯಾನರು ಮೈಗೆ ತಗುಲಿ ಕಿಡಿ ಹಾರುವ ಅಪಾಯ ಆಗ ಇರುವುದಿಲ್ಲ.

ಕೆಲಸ ಸರಿಯಾಯಿತೇ ಎಂಬುದನ್ನು ಊಹೆಗೆ ಬಿಡಬೇಕಾಗಿಲ್ಲ. ಒಂದು ಮಲ್ಟಿಮೀಟರು ಅದಕ್ಕೆ ಸಾಕ್ಷಿ ಹೇಳುತ್ತದೆ. ಹೆಡ್‌ಲೈಟು ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧನ ತುದಿಗೂ ಮತ್ತೊಂದನ್ನು ದೀಪದ ಧನ ತುದಿಗೂ ಮುಟ್ಟಿಸಿದರೆ, ಆ ದಾರಿಯಲ್ಲಿ ಕಳೆದುಹೋದ ವೋಲ್ಟೇಜು ನೇರವಾಗಿ ತೋರುತ್ತದೆ. ಹಾಗೆಯೇ ಬ್ಯಾಟರಿಯ ಋಣ ತುದಿಗೂ ದೀಪದ ಅರ್ಥಿಗೂ ನಡುವೆ ನೋಡಿದರೆ ಮರಳುವ ದಾರಿಯ ನಷ್ಟ ತಿಳಿಯುತ್ತದೆ. ದೀಪ ಆರಿಸಿ ನೋಡಿದರೆ ಪ್ರಯೋಜನವಿಲ್ಲ. ಪ್ರವಾಹವಿಲ್ಲದ ಕಡೆ ನಷ್ಟವೂ ಇಲ್ಲ. ಮೀಟರು ತೋರಿದ ಅಂಕ ಲೆಕ್ಕದ ಅಂಕಕ್ಕಿಂತ ಬಹಳ ಹೆಚ್ಚಾಗಿದ್ದರೆ ಕೊರತೆ ತಂತಿಯಲ್ಲಿಲ್ಲ, ಯಾವುದೋ ಲಗ್ಗಿನಲ್ಲೋ ಸ್ವಿಚ್ಚಿನಲ್ಲೋ ಇದೆ. ಕಡ್ಡಿಯನ್ನು ಒಂದೊಂದು ಸಂದಿಗೆ ಸರಿಸುತ್ತ ಹೋದಂತೆ ಅದು ಸಿಕ್ಕಿಬೀಳುತ್ತದೆ.

ತಂತಿಗೆ ಸಲ್ಲುವ ಹೆಚ್ಚಿನ ತಾಮ್ರದ ಬೆಲೆ ಒಂದು ಬ್ಯಾಟರಿಯ ಬೆಲೆಯ ಮುಂದೆ ಅಲ್ಪ. ಆದರೆ ಎಲ್ಲ ಕಡೆಯೂ ಅತಿ ದಪ್ಪದ ತಂತಿಯನ್ನು ತುರುಕುವುದೂ ಜಾಣತನವಲ್ಲ, ಅದು ಬಾಗದು, ಕಪ್ಲರಿನಲ್ಲಿ ಕೂರದು, ಹಣವೂ ವ್ಯರ್ಥ. ಪ್ರತಿಯೊಂದು ತಂತಿಗೂ ಒಂದು ಹೊಣೆಯುಂಟು. ಆ ಹೊಣೆಯನ್ನು ಅಳೆದು, ಅದಕ್ಕೆ ತಕ್ಕ ತಾಮ್ರವನ್ನು ಕೊಡುವುದೇ ಸರಿಯಾದ ವೈರಿಂಗು. ಹಾಗೆ ಅಳೆದು ಬರೆದ ಕಾಗದವನ್ನು, ಯಾವ ಬಣ್ಣದ ತಂತಿ ಎಲ್ಲಿಂದ ಎಲ್ಲಿಗೆ, ಎಷ್ಟು ಗಾತ್ರ, ಎಷ್ಟು ಆಂಪಿಯರಿನ ಫ್ಯೂಸು ಎಂಬ ವಿವರಗಳೊಡನೆ, ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿ ಟ್ರ್ಯಾಕ್ಟರಿನ ಟೂಲ್ ಬಾಕ್ಸಿನಲ್ಲಿಯೇ ಇಟ್ಟುಬಿಡಬೇಕು. ಮುಂದೆ ಆ ಯಂತ್ರವನ್ನು ಯಾರೇ ರಿಪೇರಿ ಮಾಡಲಿ, ಕಣ್ಣಳತೆಯ ಬದಲು ಲೆಕ್ಕವೇ ಅವರಿಗೆ ದಾರಿ ತೋರಿಸುವಂತಾಗುತ್ತದೆ.